ಸೋಸಲೆಯ ಸಿದ್ದರಾಜು ಕೊಂಡ ಗಾಡಿ

ಕಪಿಲೆ ಇನ್ನೂ ನಮ್ಮ ಬೀದಿಯೊಳಕ್ಕೆ ಬಂದು ಹೋಗುತ್ತಿದ್ದ ಕಾಲ ಅದು. ನಂಜನಗೂಡಿನಲ್ಲಿ ಸ್ನಾನಘಟ್ಟಕ್ಕೆ ಹತ್ತಿರದ ಬೀದಿಗಳವರಿಗೆ ಹೊಳೆ ಒಬ್ಬ ನೆಂಟನಿದ್ದಂತೆ. ಹೇಳದೆ ಕೇಳದೆ ಬರುವುದು, ಒಂದೆರಡು ದಿನ ಇರುವುದು, ಮನೆ ತುಂಬ ಕೆಸರು ಬಿಟ್ಟು ಹೊರಡುವುದು. ಆಗ ಮನೆಮನೆಗೆ ಫೋನ್ ಇರಲಿಲ್ಲ. ದೂರದ ಊರಿನವರೊಡನೆ ಮಾತಾಡಬೇಕಾದರೆ ಬಸ್ ಸ್ಟ್ಯಾಂಡಿನ ಹತ್ತಿರವಿದ್ದ ನಮ್ಮಪ್ಪನ ಎಸ್‌ಟಿಡಿ ಬೂತಿಗೇ ಬರಬೇಕು. ಊದುಬತ್ತಿ, ಬೆವರು, ಬಿಸಿಯಾದ ಮೆಷಿನ್ನಿನ ವಾಸನೆ ಕಲೆತ ಆ ಗಾಜಿನ ಗೂಡನ್ನು ಅಪ್ಪನಿಗೆ ಅಂಗವಿಕಲರ ಕೋಟಾದಲ್ಲಿ ಕೊಟ್ಟಿದ್ದರು. ಎರಡನೇ ವರ್ಷಕ್ಕೆ ಬಂದ ಪೋಲಿಯೊ ಅಪ್ಪನ ಬಲಗಾಲನ್ನು ಅಷ್ಟಕ್ಕೇ ನಿಲ್ಲಿಸಿಬಿಟ್ಟಿತ್ತು.

ಅಪ್ಪ ಓಡಾಡುತ್ತಿದ್ದುದು ಮೂರು ಚಕ್ರದ ಮೋಟರ್ ಸೈಕಲ್ಲಿನಲ್ಲಿ. ಮೊದಲು ಅದೂ ಎಲ್ಲರ ಗಾಡಿಯಂತೆ ಎರಡು ಚಕ್ರದ್ದೇ. ಮೈಸೂರಿನ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಹಿಂದಿನ ಚಕ್ರ ಬಿಚ್ಚಿಸಿ, ಉದ್ದನೆಯ ಆಕ್ಸಲ್ ಹಾಕಿಸಿ, ಎರಡು ಬದಿಗೆ ಎರಡು ಚಕ್ರ ಕೂರಿಸಿದ್ದರು. ಒದೆಯುವ ಕಿಕ್ಕರ್‌ಗೆ ಕೈಯಲ್ಲಿ ಎಳೆಯುವಂತೆ ಕಬ್ಬಿಣದ ಹಿಡಿ ಇತ್ತು. ಬ್ರೇಕೂ ಕೈಯಲ್ಲೇ. ಹಿಂದಿನ ಚಕ್ರಗಳ ನಡುವೆ ಒಂದು ತಗಡಿನ ಪೆಟ್ಟಿಗೆ, ಅದರ ಮೇಲೊಂದು ಹಳೆಯ ದಿಂಬು. ಅದು ನನ್ನ ಜಾಗ.

ಸುತ್ತಲಿನ ಊರುಗಳಲ್ಲಿ ಕಾಲು ಊನವಿದ್ದ ಎಷ್ಟೋ ಗಂಡಸರು ಭಾನುವಾರ ನಮ್ಮ ಜಗಲಿಗೆ ಬರುತ್ತಿದ್ದರು. ಇಂಥ ಗಾಡಿ ಹೊಸದು ಕೊಳ್ಳುವ ಶಕ್ತಿ ಯಾರಿಗೂ ಇರಲಿಲ್ಲ. ಹಳೆಯದರಲ್ಲಿ ಯಾವುದು ನೆಚ್ಚಬಹುದು ಎಂದು ಕೇಳುವುದಕ್ಕೆ ಅವರಿಗೆ ಅಪ್ಪನೇ ಗತಿ. ಅಪ್ಪ ಕಾಲಿಗೆ ಆಸರೆಯಾಗಿ ಕಟ್ಟುತ್ತಿದ್ದ ಕಬ್ಬಿಣದ ಕ್ಯಾಲಿಪರ್ ಬಿಚ್ಚಿ ಪಕ್ಕಕ್ಕಿಟ್ಟು, ಮೇಷ್ಟ್ರಂತೆ ಹೇಳುತ್ತಿದ್ದರು: “ಬಣ್ಣ ನೋಡ್ಬೇಡಿ. ಆಕ್ಸಲ್ ಬೆಸುಗೆ ನೋಡಿ. ಚಕ್ರ ಎತ್ತಿ ಅಲ್ಲಾಡ್ಸಿ. ಮೊದ್ಲು ಇಂಜಿನ್ ಮುಟ್ಟಿ. ಬೆಚ್ಚಗಿದ್ರೆ, ನೀವು ಬರೋಕೆ ಮುಂಚೆನೇ ಸ್ಟಾರ್ಟ್ ಮಾಡಿಟ್ಟವ್ರೆ ಅಂತ ತಿಳ್ಕಳಿ. ತಣ್ಣಗಿರೋ ಗಾಡಿ ಒಂದೇ ಎಳೆತಕ್ಕೆ ಶುರುವಾಗ್ಬೇಕು.” ಒಳಗಿನಿಂದ ಅವ್ವ ಅವರಿಗೆಲ್ಲ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕಳಿಸುತ್ತಿದ್ದಳು.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಶ್ರಾವಣದಲ್ಲಿ ಹೊಳೆ ಬಂತು. ಆ ದಿನ ಗಾಡಿ ಪಂಕ್ಚರಾಗಿ ಮನೆ ಮುಂದೆಯೇ ನಿಂತಿತ್ತು. ಅಪ್ಪ ಯಾರದೋ ಆಟೊದಲ್ಲಿ ಬೂತಿಗೆ ಹೋಗಿದ್ದರು. ಮಧ್ಯಾಹ್ನ ಬೀದಿ ತುದಿಯಲ್ಲಿ ನೀರು ಕಂಡಾಗ ಅವ್ವ ಅಕ್ಕಿ ಮೂಟೆ ಅಟ್ಟಕ್ಕೇರಿಸಿ, ತೇಲಿ ಹೋಗದಿರಲೆಂದು ಗಾಡಿಯನ್ನು ಜಗಲಿಯ ಕಂಬಕ್ಕೆ ಹಗ್ಗದಲ್ಲಿ ಕಟ್ಟಿ, ನನ್ನ ಕೈ ಹಿಡಿದು ಮೇಲಿನ ಬೀದಿಯ ದೊಡ್ಡಮ್ಮನ ಮನೆಗೆ ಓಡಿದಳು. ಎರಡು ದಿನ ಗಾಡಿ ಹ್ಯಾಂಡಲ್ಲಿನವರೆಗೆ ನೀರಿನಲ್ಲಿ ನಿಂತಿತ್ತು. ನೀರಿಳಿದ ಮೇಲೆ ನೋಡಿದರೆ ಸೈಲೆನ್ಸರಿನ ತುಂಬ ಕೆಸರು, ಪೆಟ್ಟಿಗೆಯೊಳಗೆ ಬಸವನಹುಳ.

ಮೆಕ್ಯಾನಿಕ್ ಖಲೀಲಣ್ಣ ಇಂಜಿನ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ವಾರ ಹಿಡಿದು ಜೋಡಿಸಿದ. ಕೊನೆಗೆ ಕೈ ಒರೆಸಿಕೊಳ್ಳುತ್ತಾ, “ಮಲ್ಲೇಶಣ್ಣ, ಓಡ್ತದೆ. ಆದ್ರೆ ನಂಬಂಗಿಲ್ಲ,” ಅಂದ. ಹಾಗೇ ಆಯಿತು. ತಣ್ಣಗಿದ್ದಾಗ ಒಂದೇ ಎಳೆತಕ್ಕೆ ಗುರ್ ಎನ್ನುತ್ತಿತ್ತು. ಅರ್ಧ ಗಂಟೆ ಓಡಿ ಬಿಸಿ ಏರಿತೋ, ಎಲ್ಲಿದ್ದರೆ ಅಲ್ಲೇ ನಿಲ್ಲುತ್ತಿತ್ತು. ಮತ್ತೆ ತಣಿಯುವವರೆಗೆ ಏನು ಮಾಡಿದರೂ ಜೀವ ಬರುತ್ತಿರಲಿಲ್ಲ.

ಬೆಳಿಗ್ಗೆ ಅಪ್ಪ ಊರೆಲ್ಲ ಒಂದು ಸುತ್ತು ಕೆಲಸ ಮುಗಿಸಿಕೊಂಡು ನನ್ನನ್ನು ಸ್ಕೂಲಿಗೆ ಬಿಡುತ್ತಿದ್ದರು. ಗಾಡಿ ಬಿಸಿಯಾಗುವುದಕ್ಕೂ ಸ್ಕೂಲಿನ ಗೇಟು ಬರುವುದಕ್ಕೂ ಸರಿಹೋಗುತ್ತಿತ್ತು. ನಾನು ಇಳಿದು ಹಿಂದಿನಿಂದ ತಳ್ಳಬೇಕು. ಕುಂಟೆಬಿಲ್ಲೆ ಆಡುತ್ತಿದ್ದ ಹುಡುಗಿಯರು ಆಟ ಬಿಟ್ಟು ಸಾಲಾಗಿ ನಿಲ್ಲುತ್ತಿದ್ದರು. ಯಾರೋ ಒಬ್ಬಳು “ತಳ್ಳೋಗಾಡಿ ಮಂಜಿ ಬಂದ್ಳು” ಎಂದಳು. ಅಲ್ಲಿಂದ ಅದೇ ನನ್ನ ಹೆಸರು. ಒಂದು ದಿನ ನಾನು, “ಅಪ್ಪ, ನನ್ನನ್ನ ರಸ್ತೆ ಮೂಲೇಲೇ ಇಳಿಸ್ಬಿಡು, ನಡ್ಕೊಂಡು ಹೋಗ್ತೀನಿ,” ಅಂದೆ. ಯಾಕೆಂದು ಅಪ್ಪ ಕೇಳಲಿಲ್ಲ. ಮರುದಿನದಿಂದ ಮೂಲೆಯಲ್ಲೇ ನಿಲ್ಲಿಸಿದರು. ಆ ಗಾಡಿ ಯಾವಾಗ ನಮ್ಮ ಮನೆ ಬಿಟ್ಟು ತೊಲಗುತ್ತದೋ ಎಂದು ನಾನು ದಿನವೂ ಕಾಯುತ್ತಿದ್ದೆ.

ಆಯುಧಪೂಜೆಗೆ ಅಪ್ಪ ಗಾಡಿಗೆ ನೀಲಿ ಬಣ್ಣ ಹೊಡೆಸಿದರು. ಮನೆಗೂ ಸುಣ್ಣವಾಯಿತು. ಗೋಡೆಯ ಮೇಲಿನ ನೀರಿನ ಗೆರೆ ಮುಚ್ಚಿಹೋಯಿತು. ಗಾಡಿ ಮಾರುವುದೆಂದು ಮಾತಾಯಿತು.

ಅದಾದ ಒಂದು ಭಾನುವಾರ ಸೋಸಲೆಯಿಂದ ಸಿದ್ದರಾಜು ಬಂದರು. ಮೂವತ್ತರ ಒಳಗಿನ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಷರಟು, ಕಂಕುಳಲ್ಲಿ ಊರುಗೋಲು. ಅವರದೂ ಬಲಗಾಲೇ. ಮೂಗೂರಿನ ಒಂದು ಟೈಪಿಂಗ್ ಶಾಲೆಯಲ್ಲಿ ಹೇಳಿಕೊಡುವ ಕೆಲಸ ಆಗಷ್ಟೇ ಸಿಕ್ಕಿತ್ತಂತೆ.

“ಬೆಳಿಗ್ಗೆ ಏಳಕ್ಕೆ ಮೊದಲ್ನೇ ಬ್ಯಾಚು, ಅಣ್ಣಾರೆ. ಬಾಗಿಲ ಕೀ ನನ್ ತಾವೇ ಇರೋದು. ನರಸೀಪುರದಲ್ಲಿ ಬಸ್ ಬದಲಾಯ್ಸೋ ಒತ್ಗೆ ಏಳೂವರೆ ಆಯ್ತದೆ. ಆ ಬಸ್ಸಿನ ಮೆಟ್ಲು ಬೇರೆ ಈ ಎತ್ರ,” ಎಂದು ಕೈ ತೋರಿಸಿ ನಕ್ಕರು. “ಯಾವ್ ಗಾಡಿ ತಕ್ಕೊಳ್ಳನ ಅಂತ ನಿಮ್ಮ ಕೇಳೋಕೆ ಅಂತ ವೊಂಟೆ. ನೋಡುದ್ರೆ ನಿಮ್ದೇ ಮಾರ್ತೀರಂತೆ. ಇದ್ಕಿಂತ ನಂಬ್ಕೆ ಗಾಡಿ ಎಲ್ ಸಿಕ್ಕಾದು?”

ಅಪ್ಪ, “ನೋಡಿ, ನೋಡ್ಕಂಡು ತಗಳಿ,” ಎಂದಷ್ಟೇ ಹೇಳಿದರು.

ಅಪ್ಪ ಎಲ್ಲರಿಗೂ ಹೇಳುತ್ತಿದ್ದುದನ್ನೆಲ್ಲ ಅವರು ಚಾಚೂ ತಪ್ಪದೆ ಮಾಡಿದರು. ನೆಲಕ್ಕೆ ಕೂತು ಆಕ್ಸಲ್ಲಿನ ಬೆಸುಗೆಯ ಮೇಲೆ ಬೆರಳಾಡಿಸಿದರು. ಚಕ್ರ ಅಲ್ಲಾಡಿಸಿದರು. ಇಂಜಿನ್ ಮುಟ್ಟಿದರು, ತಣ್ಣಗಿತ್ತು. ಹಿಡಿ ಎಳೆದರು, ಒಂದೇ ಎಳೆತಕ್ಕೆ ಶುರುವಾಯಿತು. ನನ್ನನ್ನು ಪೆಟ್ಟಿಗೆಯ ಮೇಲೆ ಕೂರಿಸಿಕೊಂಡು ಬೀದಿ ತುದಿಯವರೆಗೆ ಹೋಗಿ ಬಂದರು. ಗಾಳಿಗೆ ಅವರ ಷರಟು ಉಬ್ಬಿ ನನ್ನ ಮುಖಕ್ಕೆ ಬಡಿಯುತ್ತಿತ್ತು. ಹೊಸ ಆಟ ಕಲಿತ ಮಗುವಿನಂತೆ ಅವರು ಜೋರಾಗಿ ನಗುತ್ತಿದ್ದರು.

ವಾಪಸು ಬಂದು ಇಳಿಯುವಾಗ ಎದುರು ಮನೆಯ ಗೋಡೆ ಅವರ ಕಣ್ಣಿಗೆ ಬಿತ್ತು. ಆ ಮನೆಗೆ ಸುಣ್ಣವಾಗಿರಲಿಲ್ಲ. ಕಿಟಕಿಯ ಮಟ್ಟದಲ್ಲಿ ಕೆಸರಿನ ಗೆರೆ ಹಾಗೇ ಇತ್ತು.

“ಅಣ್ಣಾರೆ, ಇಲ್ಲಿಗೂ ನೀರ್ ಬಂದಿತ್ತಾ? ಗಾಡಿ ಎಲ್ಲಿತ್ತು ಆಗ?”

ಅಪ್ಪ ಬಾಯಿ ತೆರೆದರು. ಅದು ನನಗೆ ಸ್ಪಷ್ಟವಾಗಿ ನೆನಪಿದೆ. ಆದರೆ ಸಿದ್ದರಾಜು ನಗುತ್ತಾ ಕೈ ಅಡ್ಡ ಹಿಡಿದರು. “ತಡೀರಿ ತಡೀರಿ, ಮಾರೋರ್ ಮಾತು ಬ್ಯಾಡ. ನಾನು ಕೂಸ್ನೇ ಕೇಳ್ತೀನಿ. ಮಕ್ಕಳು ಸುಳ್ಳಾಡಕ್ಕಿಲ್ಲ.” ನನ್ನ ಕಡೆ ಬಗ್ಗಿದರು. “ನೀನೇ ಏಳವ್ವ, ಗಾಡಿ ನೀರಲ್ ಮುಳುಗಿತ್ತಾ?”

“ಇಲ್ಲ ಮಾವ,” ಅಂದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಇವತ್ತು ಇಷ್ಟು ಬರೆಯುತ್ತಿರಲಿಲ್ಲವೋ ಏನೋ. ನಾನು ಮುಂದುವರಿಸಿದೆ. “ನೀರ್ ಬರೋಕೆ ಮುಂಚೆನೇ ಅಪ್ಪ ಗಾಡೀನ ದೊಡ್ಡಮ್ಮನ ಮನೆಗೆ ತಗೊಂಡೋಗಿದ್ರು. ನಾನೂ ಹಿಂದೆ ಕೂತಿದ್ದೆ. ಒಂದು ತೊಟ್ಟು ನೀರೂ ತಾಕಿಲ್ಲ.”

ಯಾರೂ ಹೇಳಿಕೊಟ್ಟಿರಲಿಲ್ಲ. ‘ತಳ್ಳೋಗಾಡಿ ಮಂಜಿ’ ಎನ್ನಿಸಿಕೊಳ್ಳುವುದು ಇನ್ನು ತಪ್ಪುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿದ್ದುದು. ಅಪ್ಪ ನನ್ನನ್ನು ನೋಡಿದರು. ಬಾಗಿಲಲ್ಲಿ ರೊಟ್ಟಿಯ ತಟ್ಟೆ ಹಿಡಿದು ನಿಂತಿದ್ದ ಅವ್ವನೂ ನೋಡಿದಳು. ಅಪ್ಪ ತೆರೆದ ಬಾಯಿ ಮುಚ್ಚಿದರು. ಸಿದ್ದರಾಜು ನನ್ನ ಕೆನ್ನೆ ತಟ್ಟಿ, “ಮುಗೀತಲ್ಲ ಇನ್ನೇನು,” ಅಂದರು.

ಅವರು ಗಾಡಿ ಓಡಿಸಿಕೊಂಡು ಹೋದ ದಿನ ಅವ್ವ ಒಲೆಯ ಮುಂದೆ ಕೂತು, “ಯಾಕೆ ಅಂಗಂದೆ ನೀನು?” ಎಂದು ಕೇಳಿದಳು. ನಾನು ಉತ್ತರ ಹುಡುಕುವ ಮೊದಲೇ ಅಪ್ಪ ಒಳಗಿನಿಂದ, “ಬುಡು ಅತ್ಲಾಗೆ,” ಅಂದರು.

ದೀಪಾವಳಿಯ ಹೊತ್ತಿಗೆ ಮೈಸೂರಿನಿಂದ ಬೇರೊಂದು ಹಳೆಯ ಮೂರು ಚಕ್ರದ ಗಾಡಿ ಬಂತು. ಅದು ಎಲ್ಲೂ ನಿಲ್ಲುತ್ತಿರಲಿಲ್ಲ. ಮೂಲೆಯಲ್ಲಿ ಇಳಿಸಬೇಡ, ಗೇಟಿನವರೆಗೂ ಬಿಡು ಎಂದು ನಾನೇ ಅಪ್ಪನಿಗೆ ಹೇಳಿದೆ.

ಮುಂದಿನ ಬೇಸಿಗೆಯಲ್ಲಿ ಮೂಗೂರಿಗೆ ಕೊಟ್ಟಿದ್ದ ದೊಡ್ಡಮ್ಮನ ಮಗಳ ಸೀಮಂತ. ಅವ್ವ ಹಿಂದಿನ ದಿನವೇ ಬಸ್ಸಿಗೆ ಹೋಗಿದ್ದಳು. ಅಪ್ಪನೂ ನಾನೂ ಬೆಳಿಗ್ಗೆ ಗಾಡಿಯಲ್ಲಿ ಹೊರಟೆವು. ನರಸೀಪುರ ದಾಟಿ ಸ್ವಲ್ಪ ದೂರ ಹೋಗಿರಬೇಕು, ರಸ್ತೆ ಬದಿಯ ಹುಣಸೆ ಮರದ ಕೆಳಗೆ ನೀಲಿ ಗಾಡಿ ಕಂಡಿತು. ಪಕ್ಕದಲ್ಲಿ ಸಿದ್ದರಾಜು ಕ್ಯಾಲಿಪರಿನ ಕಾಲು ಮುಂದಕ್ಕೆ ಚಾಚಿ ನೆಲದ ಮೇಲೆ ಕೂತಿದ್ದರು. ಬಿಳಿ ಷರಟಿನ ತೋಳಿನ ತುಂಬ ಗ್ರೀಸು.

ಅಪ್ಪ ನಿಲ್ಲಿಸಿದರು. ನಿಲ್ಲಿಸದೆ ಹೋಗಿಬಿಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡಿದ್ದೆ.

ನಮ್ಮನ್ನು ಕಂಡು ಸಿದ್ದರಾಜುವಿನ ಮುಖ ಅರಳಿತು. “ಅಣ್ಣಾರೆ, ದೇವ್ರು ಬಂದಂಗೆ ಬಂದ್ರಿ. ಬೆಚ್ಚಗಾದೇಟ್ಗೆ ನಿಂತ್ಕತದೆ. ತಂದಾಗ್ನಿಂದ್ಲೂ ಇದೇ ಪಾಡು. ಮೂರು ಮೆಕ್ಯಾನಿಕ್ಕು ಆಯ್ತು. ಉಡುಗ್ರು ಬಾಗ್ಲಲ್ ಕಾದು ಕಾದು ಒರ್ಟೋಯ್ತವೆ. ಏಳ್ಗಂಟೆ ಬ್ಯಾಚ ಬೇರೇವ್ರಿಗೆ ಕೊಟ್ಬುಟ್ರು ಓನರ್ರು. ಕೀ ಇಸ್ಕಂಡವ್ರೆ.” ಆಮೇಲೆ ಸಂಕೋಚದಿಂದ ದನಿ ತಗ್ಗಿಸಿ ಕೇಳಿದರು: “ನಿಮ್ ಕೈಲಿ ಇದ್ದಾಗ ಇಂಗ್ ಮಾಡ್ತಿತ್ತಾ? ಇಲ್ಲ ಅಂದ್ರೆ ನಾನ್ ಓಡ್ಸೋದ್ರಲ್ಲೇ ಏನೋ ತಪ್ಪದೆ. ನೀರು ಕಂಡ ಗಾಡಿ ಅಲ್ಲ ಅಂತ ಕೂಸೇ ಏಳ್ತಲ್ಲ.”

ಅಷ್ಟು ತಿಂಗಳು ಅವರು ತಪ್ಪನ್ನು ತಮ್ಮ ಕೈಯಲ್ಲೇ ಹುಡುಕುತ್ತಿದ್ದರು. ನನ್ನ ಮಾತನ್ನು ಒಮ್ಮೆಯೂ ಅನುಮಾನಿಸಿರಲಿಲ್ಲ.

ಅಪ್ಪ ಗಾಡಿಯಿಂದ ಇಳಿಯಲಿಲ್ಲ. ಹ್ಯಾಂಡಲ್ ಹಿಡಿದುಕೊಂಡೇ ಹೇಳಿದರು: “ನಿಮ್ ತಪ್ಪಿಲ್ಲ ಸಿದ್ದರಾಜು. ಎರಡು ದಿನ ನೀರಲ್ಲಿ ಮುಳುಗಿದ್ ಗಾಡಿ ಅದು. ನಮ್ ಹತ್ರಾನೂ ಇಂಗೇ ನಿಲ್ತಿತ್ತು.” ನನ್ನ ಕಡೆ ತಿರುಗದೆ ಮುಂದುವರಿಸಿದರು: “ಕೂಸಿಗೆ ಅಂಗೆ ಹೇಳು ಅಂತ ನಾನೇ ಹೇಳ್ಕೊಟ್ಟಿದ್ದೆ.”

ನಾನು ಪೆಟ್ಟಿಗೆಯ ಮೇಲೆ ಕೂತಿದ್ದೆ, ಜರಿಯಂಚಿನ ಹಸಿರು ಲಂಗ ಹಾಕಿಕೊಂಡು. ‘ಇಲ್ಲ ಮಾವ, ಅಪ್ಪ ಹೇಳ್ಕೊಟ್ಟಿಲ್ಲ’ ಎಂದರೆ ಸಾಕಿತ್ತು. ಇಷ್ಟೇ ಮಾತು. ಲಂಗದ ಮೇಲೆ ಬಿದ್ದ ಹುಣಸೆ ಎಲೆಗಳನ್ನು ಒಂದೊಂದಾಗಿ ಕೊಡವುತ್ತಾ ಸುಮ್ಮನೆ ಕೂತೆ.

ಸಿದ್ದರಾಜು ಬೆರಳಿನ ಗ್ರೀಸನ್ನು ಹುಲ್ಲಿಗೆ ಒರೆಸಿದರು. ಆಮೇಲೆ, “ಗಾಡಿ ಓದ್ರೆ ಇನ್ನೊಂದು ಸಿಕ್ತದೆ. ಮಗಿನ ಬಾಯಿಗೆ ಇಂಥದ್ ಆಕ್ಬಾರ್ದಾಗಿತ್ತು ನೀವು,” ಎಂದರು. ಊರುಗೋಲು ಊರಿ ಎದ್ದು ಬಂದು ನನ್ನ ತಲೆ ಸವರಿದರು. “ನೀನೇನ್ ಮಾಡೀಯೆ ಕೂಸೆ. ದೊಡ್ಡೋರು ಏಳ್ಕೊಟ್ಟಿದ್ ಏಳ್ದೆ.”

ಅಪ್ಪ ತಮ್ಮ ಗಾಡಿಯ ಕೀ ತೆಗೆದು ಚಾಚಿದರು. “ಇದ ತಗೊಂಡೋಗಿ. ಅದ ನಾನು ಇಟ್ಕತೀನಿ.”

“ಬ್ಯಾಡಿ.”

“ನನ್ ಮನ್ಸಿಗೆ ಸಮಾಧಾನ ಆಗ್ಲಿ ಅಂತ ಆದ್ರೂ ತಗಳಿ.”

“ಬ್ಯಾಡಿ ಅಂದ್ನಲ್ಲ.” ಅವರು ಹೋಗಿ ನೀಲಿ ಗಾಡಿಯ ಹಿಡಿ ಎಳೆದರು. ತಣಿದಿತ್ತು, ಒಂದೇ ಸಲಕ್ಕೆ ಶುರುವಾಯಿತು. ಹೋಗುವಾಗ ‘ಅಣ್ಣಾರೆ, ಬತ್ತೀನಿ’ ಎನ್ನಲಿಲ್ಲ.

ಅಪ್ಪ ಮೂಗೂರಿನ ಕಡೆ ಗಾಡಿ ಹೊರಡಿಸಿದರು. ನನ್ನನ್ನು ಬೈಯಲಿಲ್ಲ. ಸೀಮಂತದ ಮನೆಯಲ್ಲಿ ನನಗೆ ಊಟ ಸೇರಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಸೇರಿತ್ತು. ಎರಡು ಹೋಳಿಗೆ ತಿಂದೆ, ತುಪ್ಪ ಹಾಕಿಸಿಕೊಂಡು. ಬಾಗಿಲ ಬಳಿ ಕೂತಿದ್ದ ಅಪ್ಪ ಎಲೆಯಲ್ಲಿದ್ದುದನ್ನು ಹಾಗೇ ಬಿಟ್ಟು ಕೈ ತೊಳೆದರು.

ಆಮೇಲೆ ಭಾನುವಾರದವರು ಬರುವುದು ಕಡಿಮೆಯಾಯಿತು. ಸಿದ್ದರಾಜು ಯಾರಿಗೆ ಏನು ಹೇಳಿದರೋ ಗೊತ್ತಿಲ್ಲ. ಹೇಳಿದ್ದರೂ ಅಪ್ಪ ಒಪ್ಪಿಕೊಂಡದ್ದನ್ನೇ ಹೇಳಿರುತ್ತಾರೆ. ಅವ್ವ ಕೆಲವು ವಾರ ಅಕ್ಕಿ ಹಿಟ್ಟು ಹೆಚ್ಚಾಗಿಯೇ ಕಲಸಿದಳು, ಆಮೇಲೆ ಅಳತೆ ಸರಿಮಾಡಿಕೊಂಡಳು. ಅಪ್ಪ ಎರಡು ಸಲ ಖಲೀಲಣ್ಣನನ್ನು ಸೋಸಲೆಗೆ ಕಳಿಸಿದರು. ಎರಡನೇ ಸಲ ಹೋಗುವಷ್ಟರಲ್ಲಿ ಸಿದ್ದರಾಜು ಗಾಡಿಯನ್ನು ಗುಜರಿಗೆ ಹಾಕಿ, ಮೂಗೂರಿನ ಕೆಲಸ ಬಿಟ್ಟು, ಊರಿನಲ್ಲೇ ಮಕ್ಕಳಿಗೆ ಮನೆಪಾಠ ಶುರುಮಾಡಿದ್ದರಂತೆ.

ಅದನ್ನು ನಾನು ಅಪ್ಪನ ಮುಂದೆ ಎತ್ತಿದ್ದು ಮದುವೆಯಾಗಿ ಎಷ್ಟೋ ವರ್ಷದ ಮೇಲೆ. ಅವರು ಹಾಸಿಗೆ ಹಿಡಿದಿದ್ದರು. “ಅವತ್ತು ಜಗಲಿ ಮುಂದೆ ನೀನು ಏನೋ ಹೇಳೋಕೆ ಹೋದೆ, ಅಲ್ವಾಪ್ಪ?” ಎಂದು ಕೇಳಿದೆ.

“ನೀರಲ್ಲಿ ಮುಳುಗಿತ್ತು ಅಂತ ಹೇಳ್ಬೇಕು ಅಂತಲೇ ಇದ್ದೆ ಕಣವ್ವ. ಅಷ್ಟ್ರಲ್ಲಿ ನೀನು ಅಂದ್ಬುಟ್ಟೆ. ಎದುರಿಗೇ ನಿನ್ನ ಸುಳ್ಳಿ ಅಂತ ಹೆಂಗನ್ನೋದು?” ಆಮೇಲೆ ಸೂರಿನ ಕಡೆ ತಿರುಗಿ ಹೇಳಿದರು: “ಸುಳ್ಯಾಕೆ, ನೀನು ಅಂದಿದ್ದು ನನ್ಗೂ ಸುಲಭ ಆಯ್ತು.”

ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಬೂತಿನ ಜಾಗದಲ್ಲಿ ಮೊಬೈಲಿಗೆ ಕವರು ಮಾರುತ್ತಾರೆ. ಮೂರು ಚಕ್ರದ ಗಾಡಿಗಳು ಈಗ ಹೊಸವೇ ಸಿಗುತ್ತವೆ, ಕೆಲವರಿಗೆ ಸರ್ಕಾರದಿಂದಲೇ. ಇಂಜಿನ್ ಮುಟ್ಟಿ ನೋಡುವುದು ಹೇಗೆಂದು ಯಾರೂ ಯಾರ ಜಗಲಿಗೂ ಹೋಗಬೇಕಾಗಿಲ್ಲ. ಇವೆಲ್ಲ ಹೋದದ್ದಕ್ಕೆ ನಾನು ಕೊರಗುತ್ತಿಲ್ಲ. ಆದರೆ ಒಬ್ಬ ಮನುಷ್ಯ ಇವತ್ತಿಗೂ ನಮ್ಮಪ್ಪನನ್ನು ನೆನೆಸಿಕೊಂಡಾಗ, ಮಗಳಿಗೆ ಸುಳ್ಳು ಕಲಿಸಿದವನು ಎಂದೇ ನೆನೆಸಿಕೊಳ್ಳುತ್ತಾನೆ. ಅವ್ವನೂ ಇಲ್ಲದ ಮೇಲೆ, ಅದು ಹಾಗಲ್ಲ ಎಂದು ಹೇಳಬಲ್ಲವಳು ಈಗ ನಾನೊಬ್ಬಳೇ. ಸಿದ್ದರಾಜು ಸೋಸಲೆಯಲ್ಲೇ ಇದ್ದಾರೆಂದು ಗೊತ್ತು. ಅವ್ವನ ತವರೂರಿಗೆಂದು ನರಸೀಪುರದವರೆಗೆ ಎಷ್ಟೋ ಸಲ ಹೋಗಿದ್ದೇನೆ. ಅಲ್ಲಿಂದ ಸೋಸಲೆಗೆ ಬಸ್ಸುಗಳಿಗೇನೂ ಬರವಿಲ್ಲ. ನಾನಿನ್ನೂ ಹತ್ತಿಲ್ಲ.