ಹುಳ ಹಣ್ಣಾದ ದಿನ ಕೆರೆ ತುಂಬಿತು

ನಾನು ಚಿಕ್ಕವಳಿದ್ದಾಗ ನಮ್ಮ ಮನೇಲಿ ಹುಳಕ್ಕೆ ಇದ್ದಷ್ಟು ಜಾಗ ನಮಗಿರಲಿಲ್ಲ. ರೇಷ್ಮೆ ಹುಳ. ಗೊಟ್ಟಿಗೆರೆ ದಾಟಿ ಒಳಗೆ ಹೋದರೆ ಕೆರೆ ಕೆಳಗೆ ಒಂದು ಸಣ್ಣ ಊರು, ಅದರಲ್ಲೂ ತಗ್ಗಿನ ಕೇರಿ ನಮ್ಮದು. ಮನೆಗಿದ್ದ ಒಂದೇ ದೊಡ್ಡ ಕೋಣೆ ಹುಳದ್ದು. ಅಪ್ಪ, ಅಮ್ಮ, ಅಕ್ಕ, ನಾನು ಒಲೆ ಪಕ್ಕದಲ್ಲಿ ಕಾಲು ಮಡಚಿಕೊಂಡು ಮಲಗ್ತಿದ್ದೆವು.

ಹುಳ ಸೊಪ್ಪು ತಿನ್ನೋ ಸದ್ದು ನೀವಿಬ್ಬರೂ ಕೇಳಿಲ್ಲ ಮಕ್ಕಳೇ. ಮಳೆ ಬಂದ ಹಾಗೇ ಇರ್ತದೆ. ಅದಕ್ಕೇ ಎಷ್ಟೋ ಸಲ ನಿಜವಾಗಿ ಮಳೆ ಬಂದರೂ ನಮಗೆ ಗೊತ್ತಾಗ್ತಿರಲಿಲ್ಲ. ಹುಳ ಇರುವಷ್ಟು ದಿನ ಅಮ್ಮ ಒಗ್ಗರಣೆ ಹಾಕ್ತಿರಲಿಲ್ಲ, ಘಾಟು ಅದಕ್ಕೆ ಆಗಲ್ಲ. ಅಪ್ಪ ಬೀಡಿ ಮುಟ್ತಿರಲಿಲ್ಲ. ಕಾಲು ತೊಳೀದೆ ಒಳಗೆ ಹೋದರೆ ಬೆನ್ನಿಗೆ ಬೀಳ್ತಿತ್ತು. ಹೊರಗಿನವರಂತೂ ಹೊಸಲು ದಾಟೋ ಹಾಗಿಲ್ಲ. ಹುಳಕ್ಕೆ ರೋಗ ಹತ್ತೋದು ಹೆಚ್ಚು ಹೊತ್ತಿನ ಕೆಲಸ ಅಲ್ಲ, ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗೋದೂ ಅಷ್ಟೇ ಬೇಗ.

ಒಂದು ಸಲ ಸಮುದ್ರದ ಕಡೆಯಿಂದ ಗಾಳಿ ಎದ್ದು ಮಳೆ ಹಿಡಿಯಿತು. ಬಿಡಲೇ ಇಲ್ಲ. ಸೂರ್ಯ ಎಲ್ಲಿ ಹೋದ ಅಂತಲೇ ತಿಳೀಲಿಲ್ಲ. ಸೌದೆ ಹಸಿ, ಬಟ್ಟೆ ಹಸಿ, ಗೋಡೆ ಮುಟ್ಟಿದರೆ ಕೈಗೆ ಮಣ್ಣು ಬರ್ತಿತ್ತು. ಅಂಥಾ ಒಂದು ಬೆಳಿಗ್ಗೆ ನಮ್ಮ ಹುಳ ಹಣ್ಣಾದವು.

ಹಣ್ಣಾಗೋದು ಅಂದರೆ ಏನು ಅಂತ ಹೇಳ್ತೀನಿ. ಹುಳ ತಿನ್ನೋದು ನಿಲ್ಲಿಸ್ತದೆ. ಮೈ ತಿಳಿಯಾಗಿ ಹಳದಿಗೆ ತಿರುಗ್ತದೆ. ತಲೆ ಎತ್ತಿ ಅತ್ತ ಇತ್ತ ತೂಗ್ತದೆ. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಅಂದರೆ ಬಿದಿರಿನ ದೊಡ್ಡ ಚಾಪೆ, ಅದರ ಮೇಲೆ ಬಿದಿರ ಪಟ್ಟಿ ಸುರುಳಿ ಸುತ್ತಿರ್ತದೆ. ಆ ಸುರುಳಿ ಸಂದೀಲಿ ಹುಳ ಗೂಡು ಕಟ್ಟಬೇಕು. ಅವತ್ತಿನ ಕೆಲಸ ಅವತ್ತೇ ಆಗಬೇಕು. ತಡ ಮಾಡಿದರೆ ಹುಳ ಸಾಕೋ ತಟ್ಟೇಲಿ ಸೊಪ್ಪಿನ ಕಸದ ಒಳಗೇ ನೂಲು ಬಿಟ್ಟು ಕೂತ್ಕೊಳ್ತದೆ, ಆ ಗೂಡನ್ನ ಯಾರೂ ಮುಟ್ಟಲ್ಲ. ತಿಂಗಳಿಡೀ ಸೊಪ್ಪು ಹೊತ್ತು ಹಾಕಿದ್ದು ಮಣ್ಣುಪಾಲು.

ಅಮ್ಮ, ಅಕ್ಕ, ನಾನು ಕೂತು ಆರಿಸ್ತಿದ್ದೆವು. ಥಂಡಿಗೆ ಹುಳ ನೂಲು ಬಿಡಲ್ಲ ಅಂತ ಅಪ್ಪ ಬಾಣಲೀಲಿ ಕೆಂಡ ತಂದು ಮೂಲೇಲಿ ಇಟ್ಟಿದ್ದ. ಆಗ ತಮಟೆ ಸದ್ದು ಕೇಳಿಸ್ತು. ಊರ ತಳವಾರ ಗೋಣಿಚೀಲ ತಲೆಗೆ ಹಾಕ್ಕೊಂಡು ಬಂದು ಬೀದೀಲಿ ನಿಂತ.

"ಕೆರೆ ಏರಿ ಜರೀತಾ ಅದೆ! ತಗ್ಗಿನ ಕೇರಿಯೋರು ಎದ್ದು ಹೊರಡಿ! ರಸ್ತೇಲಿ ಲಾರಿ ಬಂದದೆ!"

ಅಮ್ಮ ತಲೆ ಎತ್ತಲಿಲ್ಲ. "ಇವತ್ತಾ? ನಾಳೆ ಸಂಜೆಗೆ ಬಾ ಅಂತ ಹೇಳು ನೀರಿಗೆ."

"ನೀರು ನನ್ನ ಭಾಮೈದ ನೋಡಕ್ಕಾ, ಹೇಳಿದಂಗೆ ಕೇಳಕ್ಕೆ!" ಅಂತ ಅವನು ತಮಟೆ ಬಡ್ಕೊಂಡು ಮುಂದೆ ಹೋದ.

ಅಪ್ಪ ಏರಿ ನೋಡಿ ಬರ್ತೀನಿ ಅಂತ ಹೋದ. ನನಗೆ ಒಳಗೊಳಗೇ ಖುಷಿ. ನಾನು ಅಲ್ಲೀವರೆಗೂ ಲಾರಿ ಹತ್ತಿರಲಿಲ್ಲ. ಪಕ್ಕದ ಮನೆಯವರು ಪಾತ್ರೆ ಗಂಟು, ಕೋಳಿ ಪಂಜರ ಹೊತ್ಕೊಂಡು ಹೋಗೋದು ಬಾಗಿಲಲ್ಲಿ ಕಾಣ್ತಿತ್ತು. ನಾವು ಯಾಕೆ ಏಳ್ತಿಲ್ಲ ಅಂತ ನನಗೆ ತಿಳೀಲಿಲ್ಲ. ಕೇಳಿದರೆ ಅಕ್ಕ "ಕೈ ಆಡ್ಸು, ಬಾಯಲ್ಲ" ಅಂದಳು.

ಅಪ್ಪ ನೆನೆದು ತೊಪ್ಪೆಯಾಗಿ ವಾಪಸ್ ಬಂದ. ಅವನ ಮಾತು ಕೇಳಿದ ಮೇಲೆ ಇನ್ನೂ ಗೊಂದಲ ಆಯ್ತು. ಏರಿ ಮೇಲೆ ಒಬ್ಬರು ಒಡೀತದೆ ಅಂತಾರಂತೆ, ಇನ್ನೊಬ್ಬರು ತಾತನ ಕಾಲದಿಂದ ನಿಂತಿದೆ, ಇವತ್ತು ಯಾಕೆ ಒಡೀತದೆ ಅಂತಾರಂತೆ. ಲಾರಿಯವನು ಜನ ಮಾತ್ರ ಹತ್ತಿ, ಸಾಮಾನು ಬೇಡ ಅಂದನಂತೆ. ಕರ್ಕೊಂಡು ಹೋಗೋದು ದೂರದ ಯಾವುದೋ ಇಸ್ಕೂಲಿಗೆ. ಲಾರಿಗೆ ಮೇಲೆ ಹೊದಿಕೇನೂ ಇಲ್ಲ. ಹಣ್ಣು ಹುಳಕ್ಕೆ ನೀರು ಬಿದ್ದರೆ ಮುಗೀತು.

ಅಷ್ಟರಲ್ಲಿ ಪ್ಯಾಂಟು ಹಾಕಿದ ಒಬ್ಬ ಸರ್ಕಾರದವನು ಛತ್ರಿ ಹಿಡ್ಕೊಂಡು ಬಾಗಿಲಿಗೇ ಬಂದ. ಒಂದು ಕಾಲು ಒಳಗಿಟ್ಟ.

"ಸ್ವಾಮಿ, ಆಚೆ ನಿಂತೇ ಮಾತಾಡಿ" ಅಂದಳು ಅಮ್ಮ.

"ಏನಮ್ಮ ನೀನು! ಹುಳ ಹೆಚ್ಚೋ, ಮಕ್ಕಳು ಹೆಚ್ಚೋ?"

"ಮಕ್ಕಳು ತಿನ್ನೋದು ಈ ಹುಳಾನೇ ಸ್ವಾಮಿ. ಇಸ್ಕೂಲಲ್ಲಿ ಇವತ್ತು ಅನ್ನ ಹಾಕ್ತೀರಿ. ಮುಂದಿನ ತಿಂಗಳೂ ಹಾಕ್ತೀರಾ?"

ಅವನಿಗೆ ಸಿಟ್ಟು ಬಂತು. ಬುದ್ಧಿ ಇಲ್ಲದ ಜನ ಅಂದ. ಅವನು ಕೆಟ್ಟವನಲ್ಲ, ಪಾಪ. ಮೊಣಕಾಲವರೆಗೆ ಕೆಸರಾಗಿದ್ದ, ಗಂಟಲು ಕಟ್ಟಿತ್ತು, ಇನ್ನೂ ಎಷ್ಟೋ ಮನೆ ಬಾಗಿಲಿಗೆ ಹೋಗಬೇಕಿತ್ತು. ಅಮ್ಮನ ಮಾತು ಕೇಳಿದರೆ ಅದು ಸರಿ ಅನ್ನಿಸ್ತಿತ್ತು. ಅವನ ಮಾತು ಕೇಳಿದರೆ ಅದೂ ಸರಿ ಅನ್ನಿಸ್ತಿತ್ತು. ಲಾರಿ ಹಾರ್ನ್ ಹಾಕಿ ಹೊರಟೇ ಹೋಯ್ತು.

ಮಧ್ಯಾಹ್ನ ಕಳೆದ ಮೇಲೆ ಬೀದಿ ನೀರು ಹೊಸಲಿಗೆ ಬಂತು. ಕೆಂಪು ನೀರು, ಮೇಲೆ ಹುಲ್ಲು, ಸಗಣಿ. ಆಗ ಅಪ್ಪ, "ಮೇಲಿನ ಬೀದಿ ದೊಡ್ಡ ಮನೆಗೆ ಸಾಗಿಸೋಣ" ಅಂದ. ಒಂದು ಚಂದ್ರಿಕೆ ಮೇಲೆ ಕಂಬಳಿ ಹೊದಿಸಿ, ಅಪ್ಪ ಮುಂದೆ ಅಮ್ಮ ಹಿಂದೆ ಹಿಡ್ಕೊಂಡರು. ಗಾಳಿ ಅದನ್ನ ಕಿತ್ಕೊಳ್ಳೋ ಹಾಗೆ ಎಳೀತಿತ್ತು. ಅಕ್ಕ ನಾನು ಕಂಬಳಿ ಅಂಚು ಹಿಡ್ಕೊಂಡು ಪಕ್ಕದಲ್ಲಿ ನಡೆದೆವು. ಹಾಗೆ ದಿಬ್ಬ ಹತ್ತಿದೆವು.

ದೊಡ್ಡ ಮನೆ ಅಜ್ಜಿ ಜಗಲೀಲೇ ನಿಂತಿದ್ದಳು. "ಬನ್ರೇ, ಮಕ್ಕಳನ್ನ ಕರ್ಕೊಂಡು ಒಳಗೆ ಬನ್ರಿ" ಅಂದಳು. ಆಮೇಲೆ ಕಂಬಳಿ ಕಡೆ ನೋಡಿದಳು. ಮುಖ ಬದಲಾಯ್ತು. "ಹುಳ ಬೇಡ ಕಣಮ್ಮ. ನಮ್ಮ ಹುಳ ಇನ್ನೂ ಸಣ್ಣವು. ನಿಮ್ಮದರ ಜೊತೆ ಏನಾದರೂ ಬಂದರೆ ನಾವು ಕೆಟ್ಟೆವು. ನೀವು ನಾಕು ಜನ ಎಷ್ಟು ದಿನ ಬೇಕಾದರೂ ಇರಿ."

ಅಮ್ಮ ಜಗಳ ಆಡ್ತಾಳೆ ಅಂದ್ಕೊಂಡೆ. ಆಡಲಿಲ್ಲ. "ನಿಜ ಅಮ್ಮಾ, ನಾನಾಗಿದ್ರೂ ಬಿಡ್ತಿರಲಿಲ್ಲ" ಅಂದಳು. ನನ್ನನ್ನ ಜಗಲಿ ಮೇಲೆ ಕೂರಿಸಿ, "ಇಲ್ಲಿಂದ ಅಲ್ಲಾಡಿದರೆ ಕಾಲು ಮುರೀತೀನಿ" ಅಂತ ಹೇಳಿ, ಆ ಚಂದ್ರಿಕೇನ ಹಾಗೇ ತಿರುಗಿಸಿಕೊಂಡು ಮೂವರೂ ವಾಪಸ್ ನೀರಿನ ಕಡೆಗೆ ಇಳಿದು ಹೋದರು. ಅಕ್ಕನ ಕೈ ಬೇಕಾಗಿತ್ತು. ನನ್ನ ಕೈ ಬೇಕಾಗಿರಲಿಲ್ಲ.

ಅಜ್ಜಿ ಬಿಸಿ ಅನ್ನ, ತಿಳಿಸಾರು ತಂದು ಕೊಟ್ಟಳು. ಹಸಿವಾಗಿತ್ತು, ತಿಂದೆ. ಅಷ್ಟು ಒಳ್ಳೆಯವಳು ಯಾಕೆ ಬೇಡ ಅಂದಳು, ಬೇಡ ಅಂದವಳು ಯಾಕೆ ಅಷ್ಟು ಪ್ರೀತಿಯಿಂದ ಬಡಿಸ್ತಾಳೆ, ಬೇಡ ಅನ್ನಿಸಿಕೊಂಡು ಅಮ್ಮ ಯಾಕೆ ನಿಜ ಅಂದಳು, ಒಂದೂ ನನ್ನ ತಲೆಗೆ ಹೋಗಲಿಲ್ಲ.

ಸಂಜೆ ಬೆಳಕು ಇರೋವಾಗಲೇ ದೊಡ್ಡ ಸದ್ದಾಯ್ತು. ಏರಿ ಪೂರ್ತಿ ಒಡೀಲಿಲ್ಲ, ಒಂದು ಮಗ್ಗುಲು ಕುಸೀತು. ನೀರು ತೋಟದ ಮೇಲೆ ಹರಿದು ನಮ್ಮ ಕೇರಿಗೆ ನುಗ್ಗಿತು. ನಾನು ಜಗಲಿ ಕಂಬ ಹಿಡ್ಕೊಂಡು ಅಮ್ಮಾ ಅಂತ ಕೂಗಿದೆ. ಗಾಳಿಗೆ ನನ್ನ ಕೂಗು ನನಗೇ ಕೇಳಿಸಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಮೂವರೂ ದಿಬ್ಬ ಹತ್ತಿ ಬಂದರು. ಸೊಂಟದವರೆಗೆ ಕೆಸರು. ಹಿತ್ತಿಲ ಗೋಡೆ ಬಿತ್ತಂತೆ. ಕೆಳಗಿದ್ದ ಚಂದ್ರಿಕೆಗಳೆಲ್ಲ ಹೋದವು. ನೀರು ನುಗ್ಗೋದರೊಳಗೆ ಸೂರಿನ ತೊಲೆಗೆ ಎತ್ತಿ ಕಟ್ಟಿದ್ದಷ್ಟು ಉಳಿದವು. ಅರ್ಧ ಹುಳ ಸತ್ತವು, ಅರ್ಧ ಗೂಡು ಕಟ್ಟಿದವು. ಅಮ್ಮ ನನ್ನ ಕಡೆ ನೋಡಿ ಮೊದಲು ಕೇಳಿದ್ದು, "ಉಂಡ್ಯಾ?"

ಅಮ್ಮ ಧೈರ್ಯವಂತೆ ಅಂತ ನಾನು ಹೇಳಲ್ಲ. ದಡ್ಡಿ ಅಂತಲೂ ಹೇಳಲ್ಲ. ಅವತ್ತು ನೀರು ಸೊಂಟಕ್ಕೆ ನಿಂತಿತು, ಅಷ್ಟೆ. ಇನ್ನೊಂದು ಮೊಳ ಏರಿದ್ದರೆ ನಾನು ಆ ದೊಡ್ಡ ಮನೇಲೇ ಮುಸುರೆ ತಿಕ್ಕಿಕೊಂಡು ಬೆಳೀಬೇಕಾಗಿತ್ತು.

ಈಗ ನಿಮ್ಮ ಕಾಲಕ್ಕೆ ಬರ್ತೀನಿ. ಹೋದ ಮಳೆಗಾಲದಲ್ಲಿ ಎಲ್ಲರ ಫೋನೂ ಒಟ್ಟಿಗೇ ಕಿರುಚಿಕೊಂಡವಲ್ಲ, ಬನಶಂಕರಿಯ ನಮ್ಮ ಈ ರಸ್ತೆಗೆ ರಾಜಕಾಲುವೆ ನೀರು ಬರ್ತದೆ ಅಂತ. ನಿಮ್ಮಮ್ಮ ಒಂದು ಬ್ಯಾಗ್ ತಗೊಂಡು, ಬಾಗಿಲು ಹಾಕಿ, ಎಲ್ಲರೂ ಕಾರು ಹತ್ತಿ ಅಂದಳು. ಹೊರಟಿದ್ದು ಜಯನಗರದಲ್ಲಿ ನಿಮ್ಮ ದೊಡ್ಡಮ್ಮನ ಮನೆಗೆ, ಮೂರನೇ ಮಹಡಿ. ನಿಮ್ಮಪ್ಪನ ಕೆಲಸ ಒಂದು ಚೀಲದಲ್ಲಿ ಹಿಡಿಸ್ತದೆ, ಲ್ಯಾಪ್‌ಟಾಪ್ ಮಡಚಿ ಹೆಗಲಿಗೆ ಹಾಕ್ಕೊಂಡರೆ ಆಯ್ತು. ನಿಮಗೆ ಅದು ರಜದ ಹಾಗೆ ಇತ್ತು.

ಎದುರು ಖಾಲಿ ಸೈಟಿನ ಶೀಟ್ ಮನೇಲಿ ರಾಯಚೂರು ಕಡೆಯ ಹೆಂಗಸು ಇದ್ದಾಳಲ್ಲ, ಪೀಜಿಗಳಿಗೆಲ್ಲ ಜೋಳದ ರೊಟ್ಟಿ ತಟ್ಟಿ ಕೊಡೋಳು, ಅವಳು ಹೊರಡಲಿಲ್ಲ. "ಅಜ್ಜಿ, ಆ ಆಂಟಿಗೆ ಮೆಸೇಜ್ ಬಂದಿಲ್ವಾ?" ಅಂತ ನೀವು ಕೇಳಿದಿರಿ. ಬಂದಿತ್ತು. ನಾನೇ ಹೋಗಿ ಕರೆದೆ.

"ಬರ್ತೀನ್ರೀ ಅಮ್ಮಾರೆ. ಹಿಟ್ಟಿನ ಚೀಲ ಎಲ್ಲಿ ಇಡ್ಲಿ? ತೊಯ್ದರೆ ನಾಳೆ ಏನ್ ತಟ್ಲಿ?" ಅಂದಳು.

ಚೀಲಾನೂ ಕಾರಿಗೆ ಹಾಕ್ಕೊಳ್ಳೋಣ್ವಾ ಅಂತ ನಿಮ್ಮಮ್ಮನ್ನ ಕೇಳಿದೆ. ಅವಳು ಮೇಲೆ ಮೋಡ ನೋಡಿದಳು, ಗಡಿಯಾರ ನೋಡಿದಳು. "ಅವರು ಬೇಕಾದರೆ ಬರಲಿ ಅಮ್ಮ. ಬೇರೆಯವರ ಮನೆಗೆ ಹೋಗ್ತಾ ಇದ್ದೀವಿ, ಚೀಲಗೀಲ ಬೇಡ" ಅಂದಳು. ಅದೂ ನಿಜವೇ. ನಾನೂ ಕಾರು ಹತ್ತಿದೆ.

ಹೊರಡುವಾಗ ರೊಟ್ಟಿಯವಳು ಶೀಟಿನ ಕೆಳಗೆ ನಿಂತು ನಿಮಗೆ ಕೈ ಬೀಸಿದಳು, ನೀವೂ ಬೀಸಿದಿರಿ. ಜಯನಗರದವರೆಗೂ ನಾನು ಹಿಂದಿನ ಸೀಟನ್ನೇ ತಿರುಗಿ ತಿರುಗಿ ನೋಡ್ತಿದ್ದೆ. ನಿಮ್ಮಿಬ್ಬರ ನಡುವೆ ಸರಿಯಾಗಿ ಒಂದು ಚೀಲ ಕೂರೋ ಅಷ್ಟು ಜಾಗ ಖಾಲಿ ಇತ್ತು.