ಅನುಮಾನದಕ್ಕನ ಕ್ಲಚ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗ್ಯಾರೇಜಿನ ತಗಡಿನ ಗೋಡೆಯ ಹಿಂದೆ ಒಂದು ಮೋಟಾರ್‌ಸೈಕಲ್ಲನ್ನು ಎಡಮಗ್ಗುಲಿಗೆ ಮರದ ದಿಮ್ಮಿಗೆ ಒರಗಿಸಿದೆ. ಹಾಗೆ ಮಲಗಿಸಿದರೆ ಎಂಜಿನ್ ಎಣ್ಣೆ ಆ ಕಡೆಗೆ ಸರಿಯುತ್ತದೆ, ಬಲಗಡೆಯ ಕ್ಲಚ್ ಮುಚ್ಚಳ ಬಿಚ್ಚಿದರೂ ಚೆಲ್ಲುವುದಿಲ್ಲ. ಮುಚ್ಚಳ ತೆಗೆಯುತ್ತಿರುವ ಹೆಂಗಸು ಒಳಗಿನ ಉಕ್ಕಿನ ಬಿಲ್ಲೆಯೊಂದನ್ನು ಹೊರಗೆಳೆದು ಒರೆಸಿ, ಬಾಗಿಲ ಬೆಳಕಿಗೆ ಹಿಡಿಯುತ್ತಾರೆ. ಬಿಲ್ಲೆಯ ಮೇಲೆ ನೀಲಿ ಕಲೆಗಳು.

"ನೋಡ್ದಾ? ಸುಟ್ಟು ಕರಕಲಾಗಿದೆ," ಎನ್ನುತ್ತಾರೆ ತಮ್ಮನಿಗೆ. "ಈ ಗಾಡಿಯವನು ಸುಳ್ಳು ಹೇಳ್ತಿದಾನೆ."

ಬೀದಿಯವರು ಇವರನ್ನು ಕರೆಯುವುದು ಅನುಮಾನದಕ್ಕ ಎಂದು. ಎದುರಿಗೆ ಬರೀ ಅಕ್ಕ. ಗಾಡಿಗೆ ಹೆಚ್ಚು ಶಕ್ತಿ ಬೇಕೆಂದು ಬರುವವರು ಮಾತಾಡುವುದು ಮುಂದಿನ ಕುರ್ಚಿಯಲ್ಲಿರುವ ತಮ್ಮನ ಜೊತೆ. ಕೆಲಸ ಚೆನ್ನಾಗಾದರೆ ಹೊಗಳುವುದೂ ಅವನನ್ನೇ. ದಪ್ಪ ಪಿಸ್ಟನ್ ಕೂರಿಸುವುದು, ಅದರ ಬಲ ತಡೆಯುವಂತೆ ಕ್ಲಚ್ಚಿಗೆ ಗಟ್ಟಿ ಸ್ಪ್ರಿಂಗ್ ಹಾಕುವುದು, ಎಲ್ಲ ನಡೆಯುವುದು ತಗಡಿನ ಹಿಂದೆ, ಅಕ್ಕನ ಕೈಯಲ್ಲಿ.

ಈ ವಿದ್ಯೆ ತಂದೆಯಿಂದ ಬಂದದ್ದು. ಅನುಮಾನ ಮಾತ್ರ ಸ್ವಂತ ಸಂಪಾದನೆ. ಹಿಂದೊಮ್ಮೆ ಹೊಸ ಡಬ್ಬಿಯೊಳಗೆ ಹಳೇ ಸ್ಪ್ರಿಂಗುಗಳನ್ನು ತಿಕ್ಕಿ ತುಂಬಿ ಯಾರೋ ಮಾರಿ ಹೋಗಿದ್ದರು. ಅಂದಿನಿಂದ ಯಾವ ಸ್ಪ್ರಿಂಗ್ ಬಂದರೂ ಸಾಲಾಗಿ ನಿಲ್ಲಿಸಿ, ತಲೆಯ ಮೇಲೆ ಉಕ್ಕಿನ ಪಟ್ಟಿ ಇಟ್ಟು ನೋಡುತ್ತಾರೆ. ಒಂದು ಗಿಡ್ಡ ಕಂಡರೂ ಇಡೀ ಡಬ್ಬಿ ವಾಪಸ್. ಉಕ್ಕಿನ ಬಿಲ್ಲೆ ಬಾಗಿದೆಯೇ ಎಂದು ನೋಡಲು ಕಿಟಕಿ ಗಾಜಿನ ತುಂಡಿದೆ. ಬಿಲ್ಲೆಯನ್ನು ಅದರ ಮೇಲಿಟ್ಟು ಕೆಳಗೆ ಬ್ಲೇಡ್ ತೂರಿಸುತ್ತಾರೆ. ತೂರಿತೋ, ಬಿಲ್ಲೆ ಗುಜರಿಗೆ.

ಇವತ್ತಿನ ಗಾಡಿ ಬೇಕರಿಯ ಬ್ರೆಡ್ ಸಾಗಿಸುವವನದ್ದು. ಗುಡ್ಡದ ಮೇಲಿನ ಅಂಗಡಿಗಳಿಗೆ ಅವನು ದಿನಾ ಮುಂಜಾನೆ ಪೆಟ್ಟಿಗೆ ಹೊತ್ತು ಏರುತ್ತಾನೆ. ಈಚೆಗೆ ಅರ್ಧ ದಾರಿಯಲ್ಲೇ ಗಾಡಿ ಸೋಲುತ್ತಿದೆ. ಇನ್ನೊಮ್ಮೆ ತಡವಾದರೆ ಕೆಲಸವನ್ನು ವ್ಯಾನಿನವರಿಗೆ ಕೊಡುವುದಾಗಿ ಬೇಕರಿಯವರು ಹೇಳಿದ್ದಾರೆ. ದಪ್ಪ ಪಿಸ್ಟನ್ ಹಾಕಿಕೊಡಿ ಎಂಬುದು ಅವನ ಬೇಡಿಕೆ. ತಮ್ಮ ಆಗಲೇ ಒಪ್ಪಿಯೂ ಆಗಿದೆ.

ಬ್ರೆಡ್ಡಿನವನು ಬರುತ್ತಿದ್ದಂತೆ ಅಕ್ಕ ನೀಲಿ ಬಿಲ್ಲೆಯನ್ನು ಅವನ ಮುಖಕ್ಕೆ ಹಿಡಿಯುತ್ತಾರೆ.

"ಇದು ಬ್ರೆಡ್ ಹೊತ್ತ ಕ್ಲಚ್ಚಲ್ಲ. ರೇಸ್ ಹೊಡೆದ ಕ್ಲಚ್ಚು. ಸಂಜೆ ಹೊತ್ತು ಎಲ್ಲಿಗೆ ಹೋಗ್ತೀರಿ?"

"ಅಕ್ಕಾ, ಬೆನ್ನಿಗೆ ಬನ್ನು ಕಟ್ಕೊಂಡು ಯಾರ ಜೊತೆ ರೇಸ್ ಮಾಡ್ಲಿ? ನನ್ನನ್ನ ಸೋಲಿಸೋಕೆ ಸೈಕಲ್ಲೇ ಸಾಕು."

"ನಗಿಸಬೇಡಿ. ರೇಸಿನವರೆಲ್ಲ ಹೀಗೇ ತಮಾಷೆ ಮಾಡೋದು."

ಇಲ್ಲಿ ಅಕ್ಕನದೊಂದು ಪದ್ಧತಿಯಿದೆ. ಶಕ್ತಿ ಕೇಳಿದವನು ಮೊದಲು ಗ್ಯಾರೇಜಿನ ಗಾಡಿಯಲ್ಲಿ ಅಕ್ಕನನ್ನು ಹಿಂದೆ ಕೂರಿಸಿಕೊಂಡು ಗುಡ್ಡದ ಏರು ಹತ್ತಬೇಕು. ಆಗ ಅಕ್ಕನ ಕಣ್ಣು ರಸ್ತೆಯ ಮೇಲಿರುವುದಿಲ್ಲ, ಸವಾರನ ಎಡಗೈ ಮೇಲಿರುತ್ತದೆ. ಕ್ಲಚ್ ಹಿಡಿಯನ್ನು ಅರ್ಧ ಒತ್ತಿಕೊಂಡೇ ಓಡಿಸುವವನು, ತಟ್ಟನೆ ಬಿಟ್ಟು ಗಾಡಿಯನ್ನು ಚಿಮ್ಮಿಸುವವನು, ಇಬ್ಬರೂ ಕ್ಲಚ್ ಸುಡುವವರೇ, ಇಬ್ಬರಿಗೂ ಪಿಸ್ಟನ್ ಇಲ್ಲ. ಎಷ್ಟು ಗೋಗರೆದರೂ ಇಲ್ಲ.

ಬ್ರೆಡ್ಡಿನವನು ಏರುತ್ತಾನೆ. ಗೇರ್ ಬಿದ್ದ ಕೂಡಲೇ ಅವನ ಬೆರಳು ಹಿಡಿಯಿಂದ ಪೂರ್ತಿ ಆಚೆಗೆ ಬರುತ್ತದೆ. ತಿರುವಿನಲ್ಲೂ ಅಷ್ಟೇ. ನಾಯಿ ಅಡ್ಡ ಬಂದಾಗಲೂ ಅಷ್ಟೇ. ಅಕ್ಕನಿಗೆ ಅದೂ ಅನುಮಾನ. ತಾನು ನೋಡುತ್ತಿದ್ದೇನೆಂದು ನಾಟಕವಾಡುತ್ತಿರಬಹುದು. ಇಳಿಯುವಾಗ ಬೇಕೆಂದೇ ಊರ ಸುದ್ದಿ ತೆಗೆದು ಮಾತಿಗೆಳೆಯುತ್ತಾರೆ. ಅವನು ಮಾತಿನಲ್ಲಿ ಮೈಮರೆಯುತ್ತಾನೆ, ಕೈ ಮರೆಯುವುದಿಲ್ಲ.

ಹಾಗಾದರೆ ಸುಟ್ಟವರು ಯಾರು?

ತಗಡಿನ ಹಿಂದೆ ಮರಳಿ, ಈ ಸಲ ಕಾರ್ಕ್ ಪ್ಲೇಟುಗಳನ್ನು ಕೈಗೆತ್ತಿಕೊಳ್ಳುತ್ತಾರೆ. ಉಕ್ಕಿನ ಬಿಲ್ಲೆಗಳ ನಡುವೆ ಕೂತು ಅವನ್ನು ಕಚ್ಚಿ ಹಿಡಿಯುವವು ಇವೇ. ಹೊಸ ಕಾರ್ಕನ್ನು ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಸಿಯೇ ಕೂರಿಸಬೇಕು. ಅಕ್ಕ ಚಾಕುವಿನ ತುದಿಯಿಂದ ಒಂದನ್ನು ಕೆರೆಯುತ್ತಾರೆ. ಮೇಲೆ ಗಾಜಿನಂತೆ ಹೊಳೆಯುವ ಸುಟ್ಟ ಪೊರೆ. ಅದರ ಕೆಳಗೆ ಕಾರ್ಕ್ ಬೆಳ್ಳಗಿದೆ, ಎಣ್ಣೆಯ ಮುಖವನ್ನೇ ಕಂಡಿಲ್ಲ. ಒಣಗಿದ್ದಾಗಲೇ ಸುಟ್ಟು ಪೊರೆ ಕಟ್ಟಿ, ಎಂಜಿನ್ ಎಣ್ಣೆಯೂ ಒಳಗಿಳಿದಿಲ್ಲ.

ಕಳೆದ ತಿಂಗಳು ತಾಯಿಯ ಕಣ್ಣಿನ ಆಪರೇಷನ್ನಿಗೆ ಅಕ್ಕ ಆಸ್ಪತ್ರೆಯಲ್ಲಿದ್ದರು. ಈ ಗಾಡಿಗೆ ಹೊಸ ಪ್ಲೇಟ್ ಹಾಕಿದ್ದು ತಮ್ಮ.

"ನೆನೆಸಿದ್ಯಾ?"

"ನೆನೆಸಿದ್ದೆ ಕಣೇ."

"ಎಷ್ಟು ಹೊತ್ತು?"

"ಸವರಿದ್ದೆ. ಬೆರಳಲ್ಲಿ. ಅವನು ಬಾಗಿಲಲ್ಲೇ ನಿಂತು ಅರ್ಜೆಂಟು ಮಾಡ್ತಿದ್ದ."

"ದೋಸೆ ಕಾವಲಿಗೆ ಸವರೋದು ಕಣೋ ಅದು. ಕ್ಲಚ್ಚಿಗಲ್ಲ."

ತಮ್ಮ ತಗ್ಗಿದ ದನಿಯಲ್ಲಿ, "ಅವನಿಗೆ ಹೇಳ್ಬೇಡ. ಸುಮ್ನೆ ದಪ್ಪ ಪಿಸ್ಟನ್ ಹಾಕಿ ಕಳಿಸೋಣ," ಎನ್ನುತ್ತಾನೆ.

"ಆ ಕ್ಲಚ್ ಮೇಲೆ ದಪ್ಪ ಪಿಸ್ಟನ್ನಾ? ಎಂಜಿನ್ ಕೂಗುತ್ತೆ, ಚಕ್ರ ಎಳೆಯಲ್ಲ. ಏರಿನಲ್ಲಿ ಪೆಟ್ಟಿಗೆ ಸಮೇತ ಹಿಂದಕ್ಕೆ ಉರುಳ್ತಾನೆ."

ಅಕ್ಕ ಎದ್ದು ಮುಂಬದಿಗೆ ಬರುತ್ತಾರೆ. ತಪ್ಪೊಪ್ಪಿಕೊಳ್ಳಲು ಅವರು ಹಾಗೆ ಬರುವುದು ಅಪರೂಪ.

"ತಪ್ಪು ನಿಮ್ಮದಲ್ಲ, ನಮ್ಮದು. ಒಣ ಪ್ಲೇಟ್ ಹಾಕಿದ್ವಿ. ನಿಮ್ಮನ್ನ ಅನುಮಾನಿಸಿದ್ದು ನನ್ನ ತಪ್ಪು."

ಬ್ರೆಡ್ಡಿನವನು ತಮ್ಮನನ್ನು ನೋಡುತ್ತಾನೆ. ತಮ್ಮ ಗೋಡೆಯನ್ನು ನೋಡುತ್ತಾನೆ.

"ಹಾಗಾದ್ರೆ ಪಿಸ್ಟನ್ ಬೇಡ್ವಾ ಅಕ್ಕಾ?"

"ಬೇಕು. ನಿಮ್ಮ ಹೊರೆಗೆ ಈ ಎಂಜಿನ್ನಿನ ಉಸಿರು ಸಾಲದು. ಆದ್ರೆ ಮೊದಲು ಕ್ಲಚ್ಚು. ಅಲ್ಲಿವರೆಗೆ ನಮ್ಮ ಗಾಡಿ ತಗೊಂಡು ಹೋಗಿ."

ಸಿಲಿಂಡರ್ ಲೇತಿನವನ ಹತ್ತಿರ ಹೋಗಿ, ದಪ್ಪ ಪಿಸ್ಟನ್ ಹಿಡಿಸುವಷ್ಟು ಒಳಗೆ ಅಗಲವಾಗಿ ಬರುತ್ತದೆ. ಹೊಸ ಕಾರ್ಕ್ ಪ್ಲೇಟುಗಳು ಎಣ್ಣೆಯ ಬೋಗುಣಿಯಲ್ಲಿ ಮುಳುಗುತ್ತವೆ. ಮಾರನೇ ದಿನ ತಮ್ಮನೇ ಒಂದೊಂದನ್ನು ಎತ್ತಿ ಜೋಡಿಸುತ್ತಾನೆ, ಅಕ್ಕ ಮೊಣಕಾಲೂರಿ ಎದುರಿಗೇ ಕೂತಿರುತ್ತಾರೆ. ಗಟ್ಟಿ ಸ್ಪ್ರಿಂಗಿನ ಬೋಲ್ಟುಗಳನ್ನು ಅವನು ಒತ್ತಡ ಒಂದೇ ಕಡೆ ಬೀಳದಂತೆ ಎದುರು ಬದುರಾಗಿ ಬಿಗಿಯುತ್ತಾನೆ. ಅಕ್ಕ ಮುಚ್ಚಳವನ್ನೆತ್ತಿ ಅವನ ಕೈಗೆ ಕೊಡುತ್ತಾರೆ. ಅದೇ ದೊಡ್ಡ ಹೊಗಳಿಕೆ ಎಂಬುದು ತಮ್ಮನಿಗೆ ಗೊತ್ತು.

ಅದರ ಮರುದಿನ ಮುಂಜಾನೆಯ ಮೊದಲ ಏರಿಗೆ ಅರ್ಧ ಹೊರೆ ಮಾತ್ರ, ಹೊಸ ಪಿಸ್ಟನ್ ಪಳಗಬೇಕಲ್ಲ. ಬ್ರೆಡ್ಡಿನವನ ಹಿಂದೆಯೇ ಅಕ್ಕ ಇನ್ನೊಂದು ಗಾಡಿಯಲ್ಲಿ ಹೋಗುತ್ತಾರೆ. ಗಾಡಿ ಹಳೇ ಸೋಲಿನ ಜಾಗಕ್ಕೆ ಬಂದಾಗ ತಲೆ ಓರೆ ಮಾಡಿ ಕಿವಿಗೊಡುತ್ತಾರೆ. ಎಂಜಿನ್ನಿನ ದನಿ ಒಂಟಿಯಾಗಿ ಮೇಲೇರಿದರೆ ಕ್ಲಚ್ ಜಾರಿತೆಂದೇ ಅರ್ಥ. ದನಿ ಏರುವುದಿಲ್ಲ, ಗಾಡಿ ಏರುತ್ತದೆ. ತಿರುವು ದಾಟಿ ಬ್ರೆಡ್ಡಿನ ಪೆಟ್ಟಿಗೆಗಳು ಕಣ್ಣಿಗೆ ಮರೆಯಾಗುತ್ತವೆ.

ಗ್ಯಾರೇಜಿಗೆ ಮರಳಿದ ಅಕ್ಕನನ್ನು ಗಿರಾಕಿಯೊಬ್ಬ, ಜೀವನದಲ್ಲಿ ಇನ್ನೇನು ಆಸೆ ಎಂದು ಕೇಳಿದರೆ, ಕೈಗೆ ಸೋಪಿನಪುಡಿ ಹಚ್ಚಿಕೊಳ್ಳುತ್ತಲೇ ಹೇಳುತ್ತಾರೆ.

"ನನ್ನ ತಮ್ಮ ಒಬ್ಬನೇ ಹಾಕಿದ ಕ್ಲಚ್ಚನ್ನ, ಮತ್ತೆ ತೆಗೆದು ನೋಡದೆ, ಹಾಗೇ ರಸ್ತೆಗೆ ಬಿಡಬೇಕು. ಅಷ್ಟೇ."

"ಯಾವಾಗ ಕಣೇ?" ತಮ್ಮ ಕುರ್ಚಿಯಿಂದಲೇ ಕೂಗುತ್ತಾನೆ.

"ಈ ವರ್ಷ ಆಗಲ್ಲ," ಎನ್ನುತ್ತಾರೆ ಅಕ್ಕ.