ಗಿಟಾರಿಗೆ ಏನು ಹಚ್ಚುವುದು?

ದಸರೆಗೆ ಮುಂಚೆ ಒಂದು ಸಂಜೆ ನಮ್ಮವ್ವ ನನ್ನ ಬಾಯಿ ಮೂಸಿ ನೋಡಿದಳು. ಹೌದು, ನನ್ನದೇ! ಹೊಸಪೇಟೆಯ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ, ಮೀಸೆಯಲ್ಲಿ ಬಿಳಿಕೂದಲು ಇಣುಕುತ್ತಿರುವ ಮಾಸ್ತರನ ಬಾಯಿ.

"ಲೇ ಬಸಣ್ಣ, ಸೆರೆ ಕುಡದೀಯೇನು? ಮನಿತುಂಬ ವಾಸನಿ ಐತಿ."

ಕುಡಿದಿರಲಿಲ್ಲ. ವಾಸನೆ ನನ್ನದಲ್ಲ, ನನ್ನ ಗಿಟಾರಿನದು.

(ಗಿಟಾರೆಂದರೇನು ಎಂದು ಕೇಳುವವರಿಗೆ: ತಂಬೂರಿಯಂತೆ ತಂತಿಯ ವಾದ್ಯ, ಆದರೆ ಇದಕ್ಕೆ ಸೊಂಟವಿದೆ.) ನಮ್ಮ ಸ್ಟೇಷನ್ನಿಗೆ ಬಂದುಹೋಗುವ ಗೂಡ್ಸ್ ಗಾಡಿಯ ಗಾರ್ಡ್ ಫ್ರಾನ್ಸಿಸ್ ಸಾಹೇಬರ ಹತ್ತಿರ ಒಂದಿದೆ. ಅದನ್ನು ಕೇಳಿ ಮರುಳಾದ ನಾನು ಅಳತೆ ತೆಗೆದುಕೊಂಡು ಮನೆಯಲ್ಲೇ ಒಂದನ್ನು ಮಾಡಿದೆ. ಮೇಲಿನ ಹಲಗೆ, ಕಂಪ್ಲಿಯಲ್ಲಿರುವ ನಮ್ಮಣ್ಣನ ರೈಸ್ ಮಿಲ್ಲಿಗೆ ಮಷಿನ್ನು ಬಂದ ಪೆಟ್ಟಿಗೆಯದು. ಬೆಳ್ಳಗಿನ ಸೀಮೆಮರ. ಹಿಂಬದಿಗೆ ಸಂಡೂರಿನ ತೇಗ. ಮದ್ರಾಸಿನಿಂದ ತಂತಿ ತರಿಸಿ ಬಿಗಿದೆ. ನುಡಿಯಿತು!

ಉಳಿದದ್ದು ಒಂದೇ ಪ್ರಶ್ನೆ. ಬರಿಯ ಮರಕ್ಕೆ ಏನು ಹಚ್ಚುವುದು?

ವಾರ್ನಿಷ್ ಹೊಡೆದರೆ ಮಂಚದ ಕಾಲಿನಂತೆ ಕಾಣುತ್ತದೆ. ಅಗಸೆ ಎಣ್ಣೆ ತಿಕ್ಕಿದರೆ ಒಣಗುವುದು ನಿಧಾನ, ಹೊಳಪೂ ಇಲ್ಲ. ಸಾಹೇಬರ ವೋಟು ಫ್ರೆಂಚ್ ಪಾಲಿಶಿಗೆ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಲ್ಲಿ ಅದ್ದಿ, ಕೈಸೋಲುವ ತನಕ ತಿಕ್ಕಬೇಕಂತೆ. ಮುಖ ಕಾಣುವಷ್ಟು ಹೊಳೆಯುತ್ತದಂತೆ. ಆಸೆಯಾಯಿತು. ಸ್ಪಿರಿಟ್ ತಂದು ಮುಚ್ಚಳ ತೆರೆದೆ. ಅಷ್ಟಕ್ಕೇ ಅವ್ವ ಬಂದು ಬಾಯಿ ಮೂಸಿದ್ದು.

ನಾನು ಎಷ್ಟು ವಿವರಿಸಿದರೂ ಕೇಳಲಿಲ್ಲ. "ಲಿಂಗಪೂಜಿ ಮಾಡೋ ಮನ್ಯಾಗ ಆ ಬಾಟ್ಲಿ ಬ್ಯಾಡ. ಆ ಡಬ್ಬೀನೂ ಬ್ಯಾಡ. ಎಲ್ಲ್ಯಾರ ಹೊರಗ ಹೋಗಿ ಬಾರಿಸ್ಕೋ."

ಬಾಟಲಿ ಹೋದದ್ದಕ್ಕೆ ಬೇಸರವಿಲ್ಲ. ಗಿಟಾರನ್ನು ಡಬ್ಬಿ ಎಂದದ್ದು ಮಾತ್ರ ನೋಯಿಸಿತು. ಹೊಳೆದಂಡೆಯಲ್ಲಿ ಒಬ್ಬನೇ ಕೂತು ಬಾರಿಸಲು ಅದನ್ನು ಮಾಡಿದ್ದೆನೇ? ಮನೆಯಲ್ಲಿ ಬಾರಿಸಬೇಕು, ಅವ್ವ ಅಡುಗೆಮನೆಯಿಂದಲಾದರೂ ಕೇಳಬೇಕು ಅನ್ನುವುದೇ ನನ್ನ ಆಸೆಯಾಗಿತ್ತು. ಗಿಟಾರನ್ನು ಹಿತ್ತಲಿನ ಸೌದೆ ಕೋಣೆಗೆ ಸೇರಿಸಿದೆ. ದಿನಾ ಹೋಗಿ ಮರಳು ಕಾಗದದಿಂದ ಹಲಗೆ ಉಜ್ಜುತ್ತಿದ್ದೆ. ಬೇರೇನು ಮಾಡಲಿ?

ಆಯುಧ ಪೂಜೆಯ ದಿನ ಸ್ಕೂಲಿನ ಪೂಜೆ ಮುಗಿಸಿ ಮನೆಗೆ ಬಂದರೆ, ಪಡಸಾಲೆಯಲ್ಲಿ ಎಲ್ಲವೂ ಸಾಲಾಗಿ ನಿಂತಿವೆ. ಒನಕೆ, ಈಳಿಗೆಮಣೆ, ಕೊಡಲಿ, ನನ್ನ ಸೈಕಲ್ಲು. ಎಲ್ಲಕ್ಕೂ ವಿಭೂತಿ, ಅರಿಶಿನ, ಕುಂಕುಮ. ಒನಕೆಗೂ ಸೈಕಲ್ಲಿಗೂ ನಡುವೆ ಗಿಟಾರು! ಅದರ ಬಿಳಿ ಹಲಗೆಯ ಮೇಲೆ ಅಂಗೈಯಿಂದ ಒತ್ತಿ ಸವರಿದ ಹಸಿ ಅರಿಶಿನ.

ಒನಕೆಗೆ ಹಚ್ಚಿದ್ದು ತೊಳೆದರೆ ಹೋಗುತ್ತದೆ, ಸೈಕಲ್ಲಿನದು ಒರೆಸಿದರೆ ಹೋಗುತ್ತದೆ. ಬರಿಯ ಮರಕ್ಕೆ ಹಚ್ಚಿದ್ದು ಹೋಗುತ್ತದೆಯೇ? ಮರ ಆಗಲೇ ಕುಡಿದು ಕೂತಿತ್ತು. ನನಗೆ ಮೈಯೆಲ್ಲ ಉರಿಯಿತು.

"ಯವ್ವಾ, ಏನ್ ಮಾಡಿಬಿಟ್ಟಿ?"

ಅವ್ವ ನನ್ನನ್ನೇ ವಿಚಿತ್ರವಾಗಿ ನೋಡಿದಳು. "ಮನಿ ಸಾಮಾನಕ್ಕೆಲ್ಲ ಹಚ್ಚೀನಿ. ಇದೊಂದನ್ನ ಬಿಟ್ಟರ ಹೆಂಗಪ್ಪ?"

ಮನೆ ಸಾಮಾನು! ಮೊನ್ನೆಯವರೆಗೆ ಅದು ಡಬ್ಬಿಯಾಗಿತ್ತು.

ಸಾಹೇಬರಿಗೆ ತೋರಿಸಿದೆ. ತಲೆ ಚಚ್ಚಿಕೊಂಡರು. "ಉಜ್ಜಿ ತೆಗೀರಿ ಮಾಸ್ಟರ್. ಇಲ್ಲ, ಡಾರ್ಕ್ ಪಾಲಿಶ್ ಹೊಡೀರಿ, ಮುಚ್ಚಿಹೋಗ್ತದೆ."

ಪಾಲಿಶ್ ಎಂದರೇನು? ಕೈ ತಗುಲಿದ್ದೇ ಗೊತ್ತಾಗದಂತೆ ಮಾಡುವ ಕೈಕೆಲಸ. ಈಗ ನಮಗೆ ಎಲ್ಲವೂ ಹಾಗೆಯೇ ಬೇಕು. ಬುಕ್ಕಸಾಗರದ ನಮ್ಮ ಬೀಗರು ಹೊಸ ಗೋಡೆಗೆ ಡಿಸ್ಟೆಂಪರ್ ಬಳಿಸಿದ್ದಾರೆ. ಊಟವಾದ ಮೇಲೆ ಗೋಡೆಗೆ ಒರಗುವಂತಿಲ್ಲ, ಮೊಮ್ಮಕ್ಕಳು ಮುಟ್ಟುವಂತಿಲ್ಲ. ಗೋಡೆ ಚೆನ್ನಾಗಿದೆ. ಜನ ಮಾತ್ರ ನಡುಮನೆಯಲ್ಲಿ ಮುದುರಿಕೊಂಡು ಕೂರುತ್ತಾರೆ. (ಬೀಗರು ಈ ಅಂಕಣ ಓದುವುದಿಲ್ಲವೆಂಬ ಧೈರ್ಯ ನನಗಿದೆ.) ಅಂಥ ಚೆಂದ ಕಟ್ಟಿಕೊಂಡು ಏನು ಮಾಡುವುದು?

ಅರಿಶಿನ ಕಂಡರೆ ಕಾಣಲಿ, ಅಗಸೆ ಎಣ್ಣೆಯೇ ಸಾಕೆಂದು ನಿರ್ಧರಿಸಿದೆ. ಸೌದೆ ಕೋಣೆಯಲ್ಲಲ್ಲ, ಪಡಸಾಲೆಯಲ್ಲೇ ಕೂತು ತಿಕ್ಕತೊಡಗಿದೆ. ಅವ್ವ ಬಂದು ಪಕ್ಕದಲ್ಲಿ ಕುಳಿತಳು. ಎಣ್ಣೆ ಕುಡಿದ ಜಾಗವನ್ನು ಬೆರಳಿನಿಂದ ಸವರಿ ನೋಡಿದಳು.

"ಭಾಳ ನುಣ್ಣಗಾತು. ಆದರ ಮುಂದಿನ ಹಬ್ಬಕ್ಕ ಇದರ ಮ್ಯಾಲೆ ಅರಿಶಿಣ ಹಿಡೀತೈತೇನು?"

ಹಿಡಿಯುವುದಿಲ್ಲ. ಎಣ್ಣೆ ಒಣಗಿ ಕೂತ ಮೇಲೆ ಮರ ಬೇರೇನನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದಕ್ಕೇ ಅಲ್ಲವೇ ನಾನು ಹಚ್ಚುತ್ತಿರುವುದು? ಬಟ್ಟೆ ಹಿಡಿದ ಕೈ ನಿಂತಿತು. ಅವ್ವನ ಲೆಕ್ಕದಲ್ಲಿ ಈ ಗಿಟಾರು ಮುಂದಿನ ಹಬ್ಬಕ್ಕೂ ಮನೆಯಲ್ಲಿರುತ್ತದೆ ಎಂದಾಯಿತು.

ಅರಿಶಿನ ಹತ್ತಿದ ಆ ಅಂಗೈಯಗಲ ಜಾಗವನ್ನು ಬಿಟ್ಟು ಉಳಿದದ್ದಕ್ಕೆಲ್ಲ ಎಣ್ಣೆ ತಿಕ್ಕಿದೆ. ಅಷ್ಟೂ ಜಾಗ ಬೆವರು ಕುಡಿದು, ಧೂಳು ಹಿಡಿದು, ಬೇಗ ಕೆಡುತ್ತದೆಂದು ಸಾಹೇಬರು ಗೊಣಗಿದರು. ಅವರು ಹೇಳುವುದು ನಿಜ.

ಆದರೆ ಅದನ್ನೂ ಮುಚ್ಚಿಬಿಟ್ಟರೆ, ಇದು ಯಾರ ಮನೆಯ ಗಿಟಾರು?